ಅಳತೆ ಮೇಷ್ಟ್ರು ಕಳಚಿಟ್ಟ ಬಾಗಿಲು

ನನ್ನ ತಮ್ಮ ಬಡಗಿ. ವಿಶ್ವವಿದ್ಯಾಲಯದ ಬಡಗಿ ಷೆಡ್ಡಿನಲ್ಲಿ ಮೂವತ್ತೊಂದು ವರ್ಷ ಮರ ಕೊಯ್ದವನು. ದೊಡ್ಡ ಪ್ರೊಫೆಸರುಗಳಿಂದ ಹಿಡಿದು ಗೇಟಿನ ಕಾವಲುಗಾರನ ತನಕ ಯಾರೂ ಅವನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಎಲ್ಲರಿಗೂ ಅವನು ಅಳತೆ ಮೇಷ್ಟ್ರು. ಒಂದು ಮೊಳೆ ಹೊಡೆಯಬೇಕಾದರೂ ಮೂರು ಸಲ ಅಳೆಯುತ್ತಾನೆ. ನಮ್ಮಪ್ಪ ಕೊಟ್ಟ ಗಜಕಡ್ಡಿಯಲ್ಲಿ ಒಂದು ಸಲ, ಟೇಪಿನಲ್ಲಿ ಒಂದು ಸಲ, ಆಮೇಲೆ ಎರಡರ ಮೇಲೂ ಭರವಸೆ ಇಲ್ಲದವನ ಹಾಗೆ ತನ್ನ ಗೇಣಿನಲ್ಲಿ ಇನ್ನೊಂದು ಸಲ. ಅವನ ಹೆಂಡತಿ ಮದುವೆಯಾದ ಹೊಸದರಲ್ಲೇ ನನ್ನ ಹತ್ತಿರ ದೂರಿದ್ದಳು. "ಅತ್ತಿಗೆ, ನಿಮ್ಮ ತಮ್ಮ ಮೊದಲನೇ ಸಲ ನಮ್ಮನೆಗೆ ಬಂದಾಗ ನನ್ನ ಮುಖ ನೋಡ್ಲಿಲ್ಲ. ನಾನು ಒರಗಿಕೊಂಡಿದ್ದ ಚೌಕಟ್ಟು ನೋಡ್ತಾ ನಿಂತ್ರು. ಎಡಗಡೆ ಕಾಲಿಂಚು ವಾಲಿದೆ ಅಂದ್ರು. ನಾನು ನನ್ನನ್ನೇ ಅಂದ್ರೇನೋ ಅಂದ್ಕೊಂಡು ಎರಡು ದಿನ ನೆಟ್ಟಗೆ ನಡೆದೆ."

ನಾನು ಅವನಿಗಿಂತ ಆರು ವರ್ಷ ದೊಡ್ಡವಳು. ಅವನು ಕೆಲಸ ಮಾಡುತ್ತಿದ್ದ ಜಾಗದಲ್ಲೇ ದಿನಗೂಲಿಗೆ ಕಸ ಗುಡಿಸುತ್ತಿದ್ದೆ, ನಮಗೆ ನಿವೃತ್ತಿ ಅಂತೇನೂ ಇಲ್ಲ. ಓದಿದ್ದು ನಾಲ್ಕನೆಯ ತರಗತಿ. ಮಿಕ್ಕಿದ್ದೆಲ್ಲ ಕಿವಿಯಿಂದ ಬಂದದ್ದು, ಅದರಲ್ಲೂ ಹೆಚ್ಚಿನ ಪಾಲು ಒಂದೇ ಒಂದು ಕೋಣೆಯಿಂದ. ಹಳೆಯ ಕಟ್ಟಡದ ಕೆಳಗಿನ ಓಣಿಯ ಕೊನೆಯಲ್ಲಿ ಆ ಕೋಣೆ ಇದೆ. ಐದು ವರ್ಷ ಆರು ವರ್ಷ ಓದಿ ದಪ್ಪ ಪ್ರಬಂಧ ಬರೆದವರನ್ನು ಅಲ್ಲಿ ಕೂರಿಸಿ ಬಾಯಿಮಾತಿನಲ್ಲಿ ಪರೀಕ್ಷೆ ಮಾಡುತ್ತಾರೆ. ಆ ಪರೀಕ್ಷೆಗೊಂದು ವಿಶೇಷವಿತ್ತು. ಬಾಗಿಲು ತೆರೆದೇ ಇರಬೇಕು. ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಒಳಗೆ ಬಂದು ಹಿಂದುಗಡೆಯ ಬೆಂಚಿನಲ್ಲಿ ಕೂತು ಕೇಳಬಹುದು. ಕೊನೆಯಲ್ಲಿ ಊರಿನವರು ಒಂದು ಪ್ರಶ್ನೆಯನ್ನೂ ಹಾಕಬಹುದು. ಎದ್ದು ಹೋಗುವಾಗ ಕೇಳಿದವರೆಲ್ಲ ಒಂದು ಪುಸ್ತಕದಲ್ಲಿ ರುಜು ಹಾಕಬೇಕು. ವಿಶ್ವವಿದ್ಯಾಲಯ ಕಟ್ಟಿದವರು ಹಾಕಿದ ನಿಯಮ ಅದು. ಬಾಗಿಲ ಮೇಲೆ ಮರದ ಹಲಗೆಯಲ್ಲಿ ಕೆತ್ತಿದೆ: ಪರೀಕ್ಷೆಯು ಈ ಕೋಣೆಯಲ್ಲಿ, ಬಾಗಿಲು ತೆರೆದು, ಊರಿನವರು ಕೇಳುವಂತೆ ನಡೆಯತಕ್ಕದ್ದು.

ಊರಿನವರು ದಿನವೂ ಬರುತ್ತಿದ್ದರು ಅಂತಲ್ಲ. ಎಷ್ಟೋ ಸಲ ಬೆಂಚಿನಲ್ಲಿ ನಾನೊಬ್ಬಳೇ. ಪೊರಕೆ ಗೋಡೆಗೆ ಒರಗಿಸಿ ಕೂತುಬಿಡುತ್ತಿದ್ದೆ. ಇರುವೆ ದಾರಿ ಹೇಗೆ ಹಿಡಿಯುತ್ತೆ, ಹಳೆಯ ರಾಜರು ಸುಂಕ ಹೇಗೆ ವಸೂಲು ಮಾಡಿದರು, ಎಳೆಮಕ್ಕಳು ಮೊದಲನೆಯ ಮಾತು ಹೇಗೆ ಆಡುತ್ತಾರೆ, ಎಲ್ಲ ಅಲ್ಲೇ ಕೇಳಿದ್ದು. ಅರ್ಧ ತಿಳಿಯುತ್ತಿತ್ತು, ಅರ್ಧ ತಲೆಯ ಮೇಲೆ ಹಾರಿಹೋಗುತ್ತಿತ್ತು. ಆದರೆ ಯಾರು ತಿಳಿದು ಮಾತಾಡುತ್ತಾರೆ, ಯಾರು ಬಾಯಿಪಾಠ ಒಪ್ಪಿಸುತ್ತಾರೆ ಅನ್ನುವುದು ನನಗೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ತಮ್ಮ ಕೆಲಸಕ್ಕೆ ಸೇರಿದಾಗ ಅವನಿಗೆ ಕೊಟ್ಟ ಮೊದಲನೆಯ ಕೆಲಸವೇ ಆ ಬೆಂಚು. ಹಳೆಯದು ಗೆದ್ದಲು ತಿಂದು ಕೂತಿತ್ತು. ಹದಿನಾಲ್ಕು ಅಡಿ ಉದ್ದ, ಒಂದೇ ಹಲಗೆ, ಬೆನ್ನಿಗೆ ಒರಗು. ಕೋಣೆಯ ಎದುರಿನ ಓಣಿ ಇಕ್ಕಟ್ಟು, ಮೂರೂವರೆ ಅಡಿ ಅಗಲ. ಬಾಗಿಲ ಎದುರಿಗೇ ಗೋಡೆ. ಅಷ್ಟುದ್ದದ ಬೆಂಚು ಅಲ್ಲಿ ತಿರುಗುವುದಿಲ್ಲ. ಕಿಟಕಿಗೆ ಕಬ್ಬಿಣದ ಸರಳು. ಹಲಗೆಯೊಂದನ್ನು ಹೇಗೋ ಓರೆಮಾಡಿ ಒಳಗೆ ತಂದು, ಕಾಲು, ಒರಗು ಎಲ್ಲ ಅಲ್ಲೇ ಕೂತು ಹನ್ನೊಂದು ದಿನ ಜೋಡಿಸಿದ. ಮೊಳೆ ಇಲ್ಲ, ಪೂರ್ತಿ ಮರದ ಗೂಟ. ಮುಗಿದ ದಿನ ನನ್ನನ್ನು ಕರೆದು, "ಅಕ್ಕ, ಕೂತು ನೋಡು. ಅಲ್ಲಾಡಿದ್ರೆ ನನ್ನ ಕೈ ಕತ್ತರಿಸು," ಅಂದ. ನಾನು ಕೂತೆ. ಬೆಂಚು ಅಲ್ಲಾಡಲಿಲ್ಲ. "ಒಳಗೆ ಕಟ್ಟಿದ್ದೀಯಲ್ಲೋ, ಹೊರಗೆ ತೆಗೆಯೋದು ಹೇಗೆ?" ಅಂದೆ. "ಇದನ್ನ ಯಾಕೆ ಹೊರಗೆ ತೆಗೀತಾರೆ?" ಅಂತ ನಕ್ಕ.

ತೆಗೆಯುವ ದಿನ ಇಪ್ಪತ್ತೇಳು ವರ್ಷದ ಮೇಲೆ ಬಂತು.

ಮೇಲಿನಿಂದ ಒಂದು ಸುತ್ತೋಲೆ ಬಂದಿತು. ಇನ್ನು ಮುಂದೆ ಯಾವ ವಿಷಯದ ಮೇಲೆ ಓದಬೇಕು ಅಂತ ಸರಕಾರದ ಒಪ್ಪಿಗೆ ಪಡೆಯಬೇಕು. ಪರೀಕ್ಷೆಗೆ ಸರಕಾರದ ಕಡೆಯ ಒಬ್ಬ ಸಾಹೇಬರು ಬಂದು ಕೂರುತ್ತಾರೆ. ಬಾಗಿಲು ಮುಚ್ಚಬೇಕು. ಹೊರಗಿನವರಿಗೆ ಪ್ರವೇಶವಿಲ್ಲ, ಬೆಂಚು ತೆಗೆಯತಕ್ಕದ್ದು. ರಿಜಿಸ್ಟ್ರಾರರು ಒಳ್ಳೆಯ ಮನುಷ್ಯರು, ಆದರೆ ಕಾಗದ ಕಂಡರೆ ಬೆವರುವವರು. ತಮ್ಮನನ್ನು ಕರೆಸಿ, "ನೋಡು ಮೇಷ್ಟ್ರೇ, ಹಳೇ ನಿಯಮ ರದ್ದಾಗಿಲ್ಲ. ಆದ್ರೆ ಅದರ ಮೇಲೆ ಇದು ಬಂದು ಕೂತಿದೆ. ನಾವೇನು ಮಾಡೋಕಾಗುತ್ತೆ, ಬೆಂಚು ತೆಗೆದುಬಿಡು," ಅಂದರು.

ನನ್ನ ತಮ್ಮ ತೆಗೆದ. ಅದನ್ನು ಮುಚ್ಚಿಟ್ಟು ಅವನನ್ನು ಹೊಗಳುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಷೆಡ್ಡಿಗೆ ಕೆಲಸದ ಚೀಟಿ ಬಂತು, ಮಾಡಿದ. ಇಡೀ ಬೆಂಚು ಹೊರಗೆ ಬರುವ ಹಾಗಿರಲಿಲ್ಲವಲ್ಲ, ನಟ್ಟನಡುವೆ ಗೆರೆ ಎಳೆದು, ಮೂರು ಸಲ ಅಳೆದು, ಗರಗಸ ಹಾಕಿ ಎರಡು ತುಂಡು ಮಾಡಿದ. ನಾನು ಓಣಿಯಲ್ಲಿ ನೆಲ ಒರೆಸುತ್ತಿದ್ದೆ. ಗರಗಸದ ಸದ್ದು ಬಹಳ ಹೊತ್ತು ಬಂತು, ಗಟ್ಟಿ ಮರ. ಎರಡು ತುಂಡನ್ನೂ ಷೆಡ್ಡಿಗೆ ಒಯ್ದು ಗೋಡೆಗೆ ನಿಲ್ಲಿಸಿ ಮೇಲೆ ಗೋಣಿ ಹೊದಿಸಿದ.

ಮಾರನೆಯ ವಾರ ಒಬ್ಬ ತರುಣನ ಪರೀಕ್ಷೆ. ಊರಾಚೆಯ ದೊಡ್ಡ ಕಾರ್ಖಾನೆ ಇದೆಯಲ್ಲ, ಅದು ನಿಂತ ನೆಲ ಮೊದಲು ಯಾರದಾಗಿತ್ತು ಅಂತ ಆರು ವರ್ಷ ಹಳೆಯ ದಫ್ತರ ಹುಡುಕಿ ಬರೆದವನು. ಒಳಗೆ ಹೋದ, ಬಾಗಿಲು ಮುಚ್ಚಿತು. ತಮ್ಮ ಹಾಕಿದ ಬಾಗಿಲು ಬೇರೆ, ಚೌಕಟ್ಟಿಗೆ ಕೂತರೆ ಉಸಿರೂ ಆಚೆ ಬರದು. ನಾನು ಹೊರಗೆ ಪೊರಕೆ ಹಿಡಿದು ನಿಂತೆ, ಒಂದು ಪದ ಕೇಳಿಸಲಿಲ್ಲ. ಕಾಲು ಗಂಟೆಯಲ್ಲಿ ಅವನು ಹೊರಗೆ ಬಂದ. ಉತ್ತರ ಕೊಡಲು ತಿಳಿಯಲಿಲ್ಲ, ಅನುತ್ತೀರ್ಣ ಅಂತ ಬರೆದುಕೊಟ್ಟರು.

"ನಾನು ಎಲ್ಲಕ್ಕೂ ಉತ್ತರ ಹೇಳಿದೆ ಅಕ್ಕ," ಅಂತ ಅವನು ನನ್ನ ಹತ್ತಿರ ಹೇಳಿದ. ಅವನಿಗೆ ಹೇಳಿಕೊಳ್ಳಲು ಓಣಿಯಲ್ಲಿ ಬೇರೆ ಯಾರೂ ಇರಲಿಲ್ಲ. "ಒಂದೊಂದಕ್ಕೂ ಹೇಳಿದೆ. ನೀವು ಕೇಳಿಸ್ಕೊಂಡ್ರಾ?"

ಇಲ್ಲಪ್ಪಾ ಅಂದೆ. ಅವನು ಊರು ಬಿಟ್ಟು ಹೋದ. ಈಗ ಎಲ್ಲಿದ್ದಾನೋ ಗೊತ್ತಿಲ್ಲ.

ಸಂಜೆ ಇದನ್ನು ತಮ್ಮನಿಗೆ ಹೇಳಿದೆ. ಅವನು ಊಟ ಮುಂದಿಟ್ಟುಕೊಂಡು ಕೂತವನು ತಟ್ಟೆ ಪಕ್ಕಕ್ಕೆ ಸರಿಸಿದ. ಅವನ ಹೆಂಡತಿ, "ಸುತ್ತೋಲೆ ಬರೆದೋರು ಹೊಟ್ಟೆ ತುಂಬ ತಿಂತಾರೆ, ಬೆಂಚು ಕೊಯ್ದೋರು ಉಪವಾಸ," ಅಂದಳು. ಅವತ್ತಿನಿಂದ ಅವನು ಷೆಡ್ಡಿನಲ್ಲಿ ಆ ಗೋಣಿ ಇದ್ದ ಗೋಡೆಯ ಕಡೆ ಬೆನ್ನು ಮಾಡಿ ಕೆಲಸ ಮಾಡುವುದನ್ನು ರೂಢಿ ಮಾಡಿಕೊಂಡ.

ಆಮೇಲೆ ನಾವು ನೀರಿನ ಹುಡುಗಿ ಅಂತ ಕರೆದವಳು ನಮಗೆ ಪರಿಚಯವಾದದ್ದು ಅದೇ ಕಾಲಕ್ಕೆ. ರಸಾಯನ ವಿಭಾಗದಲ್ಲಿ ಓದುತ್ತಿದ್ದಳು, ಸುತ್ತೋಲೆ ಬರುವ ಮೊದಲೇ ವಿಷಯ ಹಿಡಿದಿದ್ದಳು, ಕಡ್ಡಿಯ ಹಾಗಿದ್ದಳು, ಮಾತು ಮಾತ್ರ ಕತ್ತರಿ. ಒಂದು ದಿನ ಷೆಡ್ಡಿಗೆ ಬಂದು, "ಮೇಷ್ಟ್ರೇ, ಇಪ್ಪತ್ನಾಲ್ಕು ಸೀಸೆ ಅಲ್ಲಾಡದ ಹಾಗೆ ಹಿಡಿಯೋ ಪೆಟ್ಟಿಗೆ ಬೇಕು. ಸೈಕಲ್ ಹಿಂದೆ ಕಟ್ಟಬೇಕು," ಅಂದಳು. ಪೆಟ್ಟಿಗೆಗೆ ಚೀಟಿ ಇದೆಯಾ ಅಂದ ತಮ್ಮ. ಷೆಡ್ಡಿನಲ್ಲಿ ಚೀಟಿ ಇಲ್ಲದೆ ಒಂದು ಕಡ್ಡಿಯೂ ಅಲ್ಲಾಡುವುದಿಲ್ಲ. ಯಾವ ಸಾಮಾನು, ಏನು ಕೆಟ್ಟಿದೆ, ಯಾವತ್ತು ಬಂತು ಅಂತ ಚೀಟಿಯಲ್ಲಿ ಬರೆದು, ಕೆಲಸ ಮಾಡಿದ ಬಡಗಿ ರುಜು ಹಾಕಬೇಕು. ಅವಳು ಚೀಟಿ ತಂದಳು. ಅವನು ಒಂದೊಂದು ಸೀಸೆಯನ್ನೂ ಅಳೆದು ಖಾನೆ ಮಾಡಿಕೊಟ್ಟ.

ಮೂರು ವರ್ಷ ಅವಳು ಆ ಪೆಟ್ಟಿಗೆ ಕಟ್ಟಿಕೊಂಡು ಕಾರ್ಖಾನೆಯ ಕೆಳಗಿನ ಬೀದಿಗಳಲ್ಲಿ ಓಡಾಡಿದಳು. ಬೋರಿನ ನೀರು ಹಿಡಿದು ಸೀಸೆಯ ಮೇಲೆ ನಂಬರು ಬರೆದು ಒಯ್ಯುತ್ತಿದ್ದಳು. ನಮ್ಮ ಮನೆ ಇರುವುದೂ ಆ ಬೀದಿಯಲ್ಲೇ. ನಮ್ಮ ಬೋರಿಗೂ ಬರುತ್ತಿದ್ದಳು. ಕಾರ್ಖಾನೆ ಸರಕಾರದ್ದು. ನೀರು ಚೆನ್ನಾಗಿದೆ ಅಂತ ಸರಕಾರದ ವರದಿ ಇತ್ತು. ಇವಳ ಪ್ರಬಂಧದ ನಾಲ್ಕನೆಯ ಅಧ್ಯಾಯ ಚೆನ್ನಾಗಿಲ್ಲ ಅಂತ ಹೇಳುತ್ತಿತ್ತು. ಆ ಅಧ್ಯಾಯ ತೆಗೆದು ತಾ, ಪದವಿ ತಗೊಂಡು ಹೋಗು ಅಂತ ಅವಳಿಗೆ ಹೇಳಿಕಳಿಸಿದರು. ಅವಳು ತೆಗೆಯಲಿಲ್ಲ. ಪರೀಕ್ಷೆಯ ದಿನ ಗೊತ್ತಾಯಿತು. ಸರಕಾರದ ಸಾಹೇಬರು ಬರುತ್ತಾರೆ ಅಂತಲೂ ಗೊತ್ತಾಯಿತು. ಒಳಗೆ ಹೋದರೆ ಅವಳ ಗತಿಯೂ ಆ ತರುಣನದೇ ಅಂತ ಓಣಿಯ ಕಸಕ್ಕೂ ತಿಳಿದಿತ್ತು.

ಪರೀಕ್ಷೆಗೆ ಎರಡು ದಿನ ಮುಂಚೆ ತಮ್ಮ ಆ ಕೋಣೆಯ ಬಾಗಿಲು ಅಳೆಯುತ್ತಿದ್ದ. ಗಜಕಡ್ಡಿ, ಟೇಪು, ಗೇಣು.

"ಬಾಗಿಲಿಗೆ ಏನಾಗಿದೆಯೋ?" ಅಂದೆ.

"ಏನೂ ಆಗಿಲ್ಲ."

"ಮತ್ತೆ ಯಾಕೆ ಅಳೀತಿದ್ದೀಯ?"

"ಓಣಿಯಲ್ಲಿ ಇದು ಮಲಗಿಸಿದ್ರೆ ತಿರುಗುತ್ತೋ ನಿಲ್ಲಿಸಿದ್ರೆ ತಿರುಗುತ್ತೋ ನೋಡ್ತಿದ್ದೀನಿ." ಆಮೇಲೆ ನನ್ನ ಕಡೆ ತಿರುಗಿ, "ಅಕ್ಕ, ನಮ್ಮ ಬೀದಿಯೋರು ನಾಡಿದ್ದು ಬೆಳಿಗ್ಗೆ ಬಿಡುವಾಗಿರ್ತಾರಾ?" ಅಂದ.

ನನಗೆ ಅಷ್ಟೇ ಸಾಕಾಯಿತು. ಬೀದಿಯಲ್ಲಿ ಮನೆಮನೆಗೆ ಹೋದೆ. ನಿಮ್ಮ ನೀರಿನ ಮೇಲೆ ಪರೀಕ್ಷೆ ಇದೆ, ಬಂದು ಕೇಳಿ ಅಂದೆ. ಹೆಚ್ಚು ವಿವರಿಸಲಿಲ್ಲ. ಮೂಲೆಮನೆಯ ಅಜ್ಜಿಯೊಬ್ಬಳೇ, "ಪರೀಕ್ಷೆ ಹುಡುಗೀಗೋ ನೀರಿಗೋ?" ಅಂತ ಕೇಳಿದಳು. ಇಬ್ಬರಿಗೂ ಅಂದೆ.

ಆ ದಿನ ಬೆಳಗಾದ ಕೂಡಲೇ ತಮ್ಮ ಷೆಡ್ಡಿನ ಗೋಣಿ ತೆಗೆದ. ಬೆಂಚಿನ ಎರಡು ತುಂಡನ್ನೂ ಷೆಡ್ಡಿನ ಇಬ್ಬರು ಹಿಡಿದು ಕೋಣೆಯೊಳಗೆ ತಂದರು. ಕೊಯ್ದ ಜಾಗದಲ್ಲಿ ಎರಡು ಕಡೆಗೂ ತೂತು ಕೊರೆದು ಗೂಟ ಕೂರಿಸಿ, ಅಂಟು ಹಾಕಿ, ಅಡಿಯಲ್ಲಿ ದಪ್ಪ ಪಟ್ಟಿ ಕೊಟ್ಟು ಬಿಗಿದ. ನಡುವೆ ಗೆರೆ ಕಾಣುತ್ತಿತ್ತು. ಅದನ್ನು ಮುಚ್ಚಲು ಬಣ್ಣ ತರಲೇನು ಅಂತ ಜೊತೆಯವನು ಕೇಳಿದ. "ಇರಲಿ ಬಿಡು. ಕೊಯ್ದದ್ದು ನಾನೇ," ಅಂದ ತಮ್ಮ.

ಆಮೇಲೆ ತಿರುಪುಳಿ ತಗೊಂಡು ಬಾಗಿಲ ಕೀಲಿನ ತಿರುಪು ಒಂದೊಂದೇ ಬಿಚ್ಚಿದ. ಹನ್ನೆರಡು ತಿರುಪು. ಬಿಚ್ಚಿದ್ದನ್ನೆಲ್ಲ ಅಂಗಿಯ ಜೇಬಿಗೆ ಹಾಕಿಕೊಂಡ. ಬಾಗಿಲು ಹೊತ್ತು ಷೆಡ್ಡಿಗೆ ಹೋದರು. ನಾನು ಹೊಸಲಿನ ಅಡಿಯ ಧೂಳು ಗುಡಿಸಿದೆ. ಅಷ್ಟು ವರ್ಷದಲ್ಲಿ ನನ್ನ ಪೊರಕೆಗೆ ಆ ಮೂಲೆ ಎಂದೂ ಸಿಕ್ಕಿರಲಿಲ್ಲ.

ಹತ್ತು ಗಂಟೆಗೆ ಸಾಹೇಬರು ಬಂದರು. ಕೈಯಲ್ಲಿ ಕಡತ. ಅವರ ಹಿಂದೆ ರಿಜಿಸ್ಟ್ರಾರರು. ದೂರದ ಊರಿಂದ ಪರೀಕ್ಷೆ ಮಾಡಲು ಬಂದಿದ್ದ ಬಿಳಿಕೂದಲಿನ ಪ್ರೊಫೆಸರಮ್ಮ ಆಗಲೇ ಮೇಜಿನ ಹಿಂದೆ ಕೂತು ಕನ್ನಡಕ ಒರೆಸುತ್ತಿದ್ದರು. ಬೆಂಚಿನ ತುಂಬ ನಮ್ಮ ಬೀದಿಯ ಹೆಂಗಸರು. ಗೋಡೆಗೆ ಒರಗಿ ಗ್ರಂಥಾಲಯದವರು, ಡ್ರೈವರುಗಳು, ಓಣಿಯಲ್ಲಿ ವಿದ್ಯಾರ್ಥಿಗಳು. ನೀರಿನ ಹುಡುಗಿ ಮೇಜಿನ ಎದುರು ನೆಟ್ಟಗೆ ಕೂತಿದ್ದಳು, ಅವಳ ಕಾಲ ಪಕ್ಕ ಆ ಪೆಟ್ಟಿಗೆ.

"ಬಾಗಿಲು ಎಲ್ಲಿ?" ಅಂದರು ಸಾಹೇಬರು.

ತಮ್ಮ ಮುಂದೆ ಬಂದು ಬಾಯಿ ತೆರೆದ. ಅವನಿಗಿಂತ ಮೊದಲು ರಿಜಿಸ್ಟ್ರಾರರೇ, "ರಿಪೇರಿಗೆ ಹೋಗಿದೆ ಸಾರ್. ನೀರು ಕುಡಿದು ಉಬ್ಬಿತ್ತು," ಅಂದುಬಿಟ್ಟರು. ತಮ್ಮನ ಮುಖ ಕಪ್ಪಿಟ್ಟಿತು.

"ಹಾಗಾದ್ರೆ ಬೇರೆ ಕೋಣೆಗೆ ನಡೀರಿ."

ಪ್ರೊಫೆಸರಮ್ಮ ಕನ್ನಡಕ ಹಾಕಿಕೊಂಡು ಚೌಕಟ್ಟಿನ ಮೇಲಿನ ಹಲಗೆ ಓದಿದರು. "ಈ ಕೋಣೆಯಲ್ಲಿ, ಊರಿನವರು ಕೇಳುವಂತೆ ಅಂತ ಬರೆದಿದೆ ಸಾರ್. ನಿಮ್ಮ ಸುತ್ತೋಲೆ ಬಾಗಿಲಿನ ಮಾತು ಆಡುತ್ತೆ, ಕೋಣೆ ಬದಲಾಯಿಸಿ ಅನ್ನೋದಿಲ್ಲ. ನನಗೆ ನಾಲ್ಕು ಗಂಟೆಗೆ ರೈಲಿದೆ. ಶುರು ಮಾಡೋಣ." ಅವರು ಮಾತಿಗೆ ಕಾಯಲಿಲ್ಲ, ಪ್ರಬಂಧದ ಮೊದಲನೆಯ ಹಾಳೆ ತಿರುವಿದರು.

ಎರಡು ಗಂಟೆ ನಡೆಯಿತು. ನಾನು ಎಷ್ಟೋ ಪರೀಕ್ಷೆ ಕೇಳಿದ್ದೇನೆ, ಅಂಥದ್ದು ಕೇಳಿಲ್ಲ. ಪ್ರೊಫೆಸರಮ್ಮ ಅವಳನ್ನು ಸುಮ್ಮನೆ ಬಿಡಲಿಲ್ಲ. ಸೀಸೆ ಹೇಗೆ ತೊಳೆದೆ, ಎರಡನೇ ಸಲ ಹಿಡಿದಾಗ ಲೆಕ್ಕ ಯಾಕೆ ಬೇರೆ ಬಂತು, ಮಳೆಗಾಲದಲ್ಲಿ ಏನಾಯಿತು ಅಂತ ಹಿಂಡಿಬಿಟ್ಟರು. ಒಂದು ಕಡೆ ಹುಡುಗಿ, "ಅಲ್ಲಿ ನಂದು ತಪ್ಪಾಗಿದೆ ಮೇಡಂ, ಮೂರು ಸೀಸೆ ಬಿಸಿಲಲ್ಲಿ ಉಳಿದುಬಿಟ್ವು, ಅವನ್ನ ಲೆಕ್ಕದಿಂದ ಬಿಟ್ಟಿದ್ದೀನಿ," ಅಂದಳು. ತಿಳಿದು ಮಾತಾಡುವವರ ಗುರುತು ಅದು.

ಆಮೇಲೆ ಸಾಹೇಬರು.

"ಸರಕಾರದ ವರದಿ ಓದಿದ್ದೀಯಾ?"

"ಓದಿದ್ದೀನಿ ಸಾರ್. ಅದರಲ್ಲಿ ನೀರು ಹಿಡಿದಿರೋದು ಕಾರ್ಖಾನೆಯ ಮೇಲ್ಗಡೆ."

"ನೀನು?"

"ಕೆಳಗಡೆ ಸಾರ್."

"ಕೆಳಗಡೆಯೇ ಯಾಕೆ ಹೋದೆ? ಯಾರು ಕಳಿಸಿದ್ರು?"

"ಯಾರೂ ಕಳಿಸಲಿಲ್ಲ. ಜನ ಕುಡಿಯೋದು ಅಲ್ಲಿ."

ಬೆಂಚಿನ ಕಡೆಯಿಂದ ಯಾರೋ ಗಂಟಲು ಸರಿಮಾಡಿಕೊಂಡರು. ಸಾಹೇಬರು ಕಡತ ಮುಚ್ಚಿದರು. ಪ್ರೊಫೆಸರಮ್ಮ ತಲೆ ಎತ್ತಿ, "ಊರಿನವರದ್ದು ಒಂದು ಪ್ರಶ್ನೆ ಇದೆಯಾ?" ಅಂದರು.

ಮೂಲೆಮನೆಯ ಅಜ್ಜಿ ಎದ್ದಳು. "ತಾಯಿ, ನಮ್ಮನೆ ಹತ್ರ ಇರೋ ಬೋರು ನಿನ್ನ ಪುಸ್ತಕದಲ್ಲಿ ಎಷ್ಟನೇ ನಂಬರು?"

"ಹದಿನೇಳು ಅಜ್ಜಿ."

"ಕುಡೀಬಹುದಾ?"

"ಕುಡೀಬೇಡಿ ಅಜ್ಜಿ. ಬಟ್ಟೆ ಒಗೀರಿ, ಕುಡೀಬೇಡಿ."

"ಇದನ್ನ ಬರ್ಕೋಬೇಡಿ," ಅಂದರು ಸಾಹೇಬರು.

"ಊರಿನವರ ಪ್ರಶ್ನೆ ಸಾರ್, ಬರ್ಕೋಬೇಕು," ಅಂತ ಪ್ರೊಫೆಸರಮ್ಮ ಬರೆದುಕೊಂಡರು. ಉತ್ತೀರ್ಣ ಅಂತ ಬರೆದು ರುಜು ಹಾಕಿದರು. ಪುಸ್ತಕ ಬೆಂಚಿಗೆ ಬಂತು. ಅರವತ್ತಮೂರು ಜನ. ಅಜ್ಜಿ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಳ್ಳದೆ ಹಾಗೇ ಹಿಡಿದುಕೊಂಡು ಮನೆಗೆ ಹೋದಳು.

ಮುಗಿಯಿತು ಅಂದುಕೊಂಡೆವು. ಹತ್ತು ದಿನದ ಮೇಲೆ ಮೇಲಿನಿಂದ ಕಾಗದ ಬಂತು. ಬಾಗಿಲು ರಿಪೇರಿಯಲ್ಲಿದ್ದ ಆಕಸ್ಮಿಕ ಕಾರಣದಿಂದ ಹೊರಗಿನವರು ಒಳಗೆ ನುಗ್ಗಿದ್ದಾರೆ, ಆದುದರಿಂದ ಆ ಪರೀಕ್ಷೆ ಲೆಕ್ಕಕ್ಕಿಲ್ಲ, ಬಾಗಿಲು ಸರಿಪಡಿಸಿದ ಮೇಲೆ ಮುಚ್ಚಿದ ಕೋಣೆಯಲ್ಲಿ ಮತ್ತೆ ಮಾಡತಕ್ಕದ್ದು. ರುಜುವಾತಿಗೆ ಬಡಗಿ ಷೆಡ್ಡಿನ ರಿಪೇರಿ ಚೀಟಿ ಕಳಿಸಿ.

ಚೀಟಿ ಎಲ್ಲಿತ್ತು? ಇರಲಿಲ್ಲ. ಮೂವತ್ತೊಂದು ವರ್ಷದಲ್ಲಿ ತಮ್ಮ ಚೀಟಿಯಿಲ್ಲದೆ ಮುಟ್ಟಿದ್ದು ಅವತ್ತಿನ ಬೆಂಚು, ಬಾಗಿಲು, ಅವೆರಡೇ.

ರಿಜಿಸ್ಟ್ರಾರರು ಖುದ್ದಾಗಿ ನಮ್ಮ ಮನೆಗೆ ಬಂದರು. ಚೀಟಿ ತಾವೇ ಬರೆದು ತಂದಿದ್ದರು. ಬಾಗಿಲು ನೀರು ಕುಡಿದು ಉಬ್ಬಿತ್ತು, ಮುಚ್ಚಲು ಬರುತ್ತಿರಲಿಲ್ಲ, ರಿಪೇರಿಗೆ ಕಳಚಲಾಗಿದೆ. ಕೆಳಗೆ ರುಜುವಿಗೆ ಜಾಗ.

"ಇದೊಂದು ಹಾಕಿಬಿಡು ಮೇಷ್ಟ್ರೇ. ನಿನ್ನ ಮೇಲೆ ಏನೂ ಬರಲ್ಲ. ಇಲ್ಲದಿದ್ರೆ ಅಪ್ಪಣೆ ಇಲ್ದೆ ಬಾಗಿಲು ಕಿತ್ತ ಅಂತ ಮನೆಗೆ ಕಳಿಸ್ತಾರೆ. ನಿವೃತ್ತಿಗೆ ಇನ್ನು ಎಷ್ಟು ದಿನ ಇದೆ?"

"ಹದಿನಾಲ್ಕು ತಿಂಗಳು ಸಾರ್."

"ಹದಿನಾಲ್ಕು ತಿಂಗಳು. ಸುಮ್ನೆ ಯಾಕೆ?"

ತಮ್ಮ ಚೀಟಿ ಓದಿದ. "ಸಾರ್, ಇದಕ್ಕೆ ರುಜು ಹಾಕಿದ್ರೆ ಹುಡುಗಿ ಪರೀಕ್ಷೆ ಬಿದ್ದುಹೋಗುತ್ತಲ್ಲ?"

ರಿಜಿಸ್ಟ್ರಾರರು ಚಹಾದ ಲೋಟ ನೋಡಿದರು. "ಮತ್ತೆ ಮಾಡ್ತಾರೆ. ಅವಳು ಬುದ್ಧಿವಂತೆ, ಪಾಸಾಗ್ತಾಳೆ."

"ಮೊದಲನೇ ಹುಡುಗನೂ ಬುದ್ಧಿವಂತ ಸಾರ್."

ತಮ್ಮನ ಹೆಂಡತಿ ಒಲೆಯ ಹತ್ತಿರ ನಿಂತಿದ್ದಳು. ಅವಳು ಅಳುತ್ತಾಳೆ, ಕೈ ಹಿಡಿಯುತ್ತಾಳೆ ಅಂತ ನನಗೆ ಹೆದರಿಕೆ ಇತ್ತು. ಹದಿನಾಲ್ಕು ತಿಂಗಳ ಕೆಲಸ ಅಂದರೆ ಸುಮ್ಮನೆಯಲ್ಲ, ಅವಳಿಗೆ ಅದು ಗೊತ್ತು. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ಚೀಟಿ ನೋಡಿದಳು. ಅವಳಿಗೆ ಓದಲು ಬರುವುದಿಲ್ಲ.

"ಏನು ಬರೆದಿದೆ ಅತ್ತಿಗೆ?"

ಓದಿ ಹೇಳಿದೆ.

"ಉಬ್ಬಿತ್ತು ಅಂತಾನಾ?" ಅಂದಳು. "ಇವರು ಹಾಕಿದ ಬಾಗಿಲಾ? ಮೂವತ್ತು ವರ್ಷ ಇವರ ಗೇಣು ಅಳತೆ ಸಹಿಸಿಕೊಂಡು ಬಂದಿದ್ದೀನಿ ಸಾರ್ ನಾನು. ಇವರು ಹಾಕಿದ ಬಾಗಿಲು ಉಬ್ಬುತ್ತೆ ಅಂದ್ರೆ ನನ್ನ ಮೂವತ್ತು ವರ್ಷ ಯಾರು ವಾಪಸ್ಸು ಕೊಡ್ತಾರೆ?"

ತಮ್ಮ ನಕ್ಕುಬಿಟ್ಟ. ಬೆಂಚು ಕೊಯ್ದ ಮೇಲೆ ಅವನು ಹಾಗೆ ನಕ್ಕದ್ದನ್ನು ಅವತ್ತೇ ನೋಡಿದೆ. ಚೀಟಿಯನ್ನು ಮಡಿಸಿ ರಿಜಿಸ್ಟ್ರಾರರ ಜೇಬಿಗೆ ತಾನೇ ಇಟ್ಟ. "ಅಕ್ಕ, ಒಂದು ಬಿಳಿ ಹಾಳೆ ತಗೋ. ನಾನು ಹೇಳ್ತೀನಿ, ನೀನು ಬರಿ. ನನ್ನ ಅಕ್ಷರ ನನಗೇ ಓದೋಕೆ ಬರಲ್ಲ," ಅಂದ. ಅವನು ಹೇಳಿದ, ನಾನು ಬರೆದೆ. ಆ ಹಾಳೆಯ ಮಾತು ನನಗೆ ಬಾಯಿಪಾಠ:

"ಬಾಗಿಲಿಗೆ ಏನೂ ಆಗಿರಲಿಲ್ಲ. ಉಬ್ಬಿರಲಿಲ್ಲ, ವಾಲಿರಲಿಲ್ಲ. ಅದು ಚೆನ್ನಾಗಿ ಮುಚ್ಚಿಕೊಳ್ಳುತ್ತಿತ್ತು, ಅದಕ್ಕೇ ಕಳಚಿದೆ. ಬಾಗಿಲು ತೆರೆದಿರಬೇಕು ಅಂತ ಚೌಕಟ್ಟಿನ ಮೇಲೆ ಬರೆದಿದೆ. ಆ ನಿಯಮದಂತೆ ನಡೆಯಲಿ ಅಂತ ತಿಳಿದೇ ಕಳಚಿದೆ. ಆಕಸ್ಮಿಕ ಏನೂ ಇಲ್ಲ. ಜನ ನುಗ್ಗಲಿಲ್ಲ, ನಾವು ಕರೆದೆವು, ಅವರು ಬಂದು ಕೂತರು. ಹಿಂದೆ ಒಂದು ಸಲ ಹೇಳಿದ ಮಾತು ಕೇಳಿ ಬೆಂಚು ಕೊಯ್ದೆ. ನಾನು ಮಾಡಿದ ತಪ್ಪು ಅದು, ಇದಲ್ಲ."

ರಿಜಿಸ್ಟ್ರಾರರು ಓದಿ ಹಣೆ ಒರೆಸಿಕೊಂಡರು. "ಕೊನೇ ಸಾಲು ತೆಗೀತೀಯಾ?"

"ನಾಲ್ಕನೇ ಅಧ್ಯಾಯ ಆ ಹುಡುಗಿ ತೆಗೆದಳಾ ಸಾರ್?" ಅಂದ ತಮ್ಮ.

ಆ ಹಾಳೆ ಪ್ರೊಫೆಸರುಗಳ ಸಭೆಗೆ ಹೋಯಿತು. ಅಲ್ಲಿ ಏನೇನು ಜಗಳವಾಯಿತೋ, ಆ ಬಾಗಿಲು ನನಗೆ ತೆರೆದಿರಲಿಲ್ಲ. ಹೊರಗೆ ಬಂದ ಮಾತು ಇಷ್ಟು: ರಿಪೇರಿ ಚೀಟಿ ಇಲ್ಲ, ಬಡಗಿ ಒಪ್ಪುವುದಿಲ್ಲ, ಅಂದ ಮೇಲೆ ಆಕಸ್ಮಿಕ ಅನ್ನಲು ಬರುವುದಿಲ್ಲ. ಹಳೆಯ ನಿಯಮ ರದ್ದಾಗಿಲ್ಲ, ಪರೀಕ್ಷೆ ಆ ನಿಯಮದಂತೆ ನಡೆದಿದೆ, ನಿಂತಿದೆ. ಯಾವತ್ತೂ ಮೇಲಿನವರ ಎದುರು ತುಟಿ ಬಿಚ್ಚದ ಇಬ್ಬರು ಮುದುಕ ಪ್ರೊಫೆಸರುಗಳು ಮೊದಲು ಕೈ ಎತ್ತಿದರಂತೆ. ಬಡಗಿಗಿಂತ ನಾವು ಕಡಿಮೆಯಾಗಬಾರದು ಅಂದರಂತೆ. ಎಂಟು ತಿಂಗಳು ಸತಾಯಿಸಿ ಸತಾಯಿಸಿ ಹುಡುಗಿಗೆ ಪದವಿ ಕೊಟ್ಟರು. ನಾಲ್ಕನೆಯ ಅಧ್ಯಾಯ ಗ್ರಂಥಾಲಯದಲ್ಲಿದೆ. ನಮ್ಮ ಬೀದಿಗೆ ಈಗ ಬೇರೆ ಕಡೆಯಿಂದ ಕೊಳಾಯಿ ನೀರು ಬರುತ್ತದೆ, ವಾರಕ್ಕೆ ಮೂರು ದಿನ. ಅದನ್ನೂ ಅವಳು ಒಂದು ಸಲ ಸೀಸೆಯಲ್ಲಿ ಹಿಡಿದುಕೊಂಡು ಹೋದಳು.

ತಮ್ಮನನ್ನು ಕೆಲಸದಿಂದ ತೆಗೆದರು. ಅಪ್ಪಣೆ ಇಲ್ಲದೆ ಬಾಗಿಲು ಕಳಚಿದ್ದಕ್ಕೆ. ಅದು ಸುಳ್ಳಲ್ಲವಲ್ಲ, ಅವನೂ ತಕರಾರು ಮಾಡಲಿಲ್ಲ. ಈಗ ಮನೆಯ ಮುಂದೆ ಕುರ್ಚಿ, ಸ್ಟೂಲು ಮಾಡುತ್ತಾನೆ.

ಬಾಗಿಲು ಹಾಕಲು, ಬೆಂಚು ತೆಗೆಯಲು ಹೊರಗಿನ ಬಡಗಿಯೊಬ್ಬನನ್ನು ಕರೆಸಿದ್ದರು. ಅವನು ಬಾಗಿಲು ಹಾಕಿದ. ತಿರುಪು ಹನ್ನೆರಡೂ ತಮ್ಮನ ಜೇಬಿನಲ್ಲೇ ಇದ್ದವು, ಅವನು ಹೊಸದು ತರಬೇಕಾಯಿತು. ಆಮೇಲೆ ಬೆಂಚಿನ ಸುತ್ತ ಎರಡು ಸುತ್ತು ಬಂದು, ಓಣಿ ನೋಡಿ, ನನ್ನನ್ನು ಕೇಳಿದ. "ಅಮ್ಮಾ, ಇದು ಒಳಗೆ ಹೇಗೆ ಬಂತು?"

"ಒಳಗೇ ಹುಟ್ಟಿದ್ದು."

ಅವನು ಬಗ್ಗಿ ನಡುವಿನ ಗೆರೆಯ ಮೇಲೆ ಉಗುರು ಎಳೆದ. ಅಡಿಯ ಗೂಟ ಮುಟ್ಟಿ ನೋಡಿದ. ಬಹಳ ಹೊತ್ತು ನೋಡಿದ. "ಒಂದು ಸಲ ಕೊಯ್ದಿದ್ದಾರೆ," ಅಂದ. ಹೌದು ಅಂದೆ. "ಇಂಥ ಕೆಲಸದ ಮೇಲೆ ನಾನು ಗರಗಸ ಹಾಕೋದಿಲ್ಲಮ್ಮ, ಬೇರೆ ಯಾರನ್ನಾದ್ರೂ ಕರೀಲಿ," ಅಂತ ಚೀಲ ಹೆಗಲಿಗೆ ಹಾಕಿಕೊಂಡು ಹೋದ. ಬೇರೆ ಯಾರೂ ಈ ತನಕ ಬಂದಿಲ್ಲ.

ಸುತ್ತೋಲೆ ಇನ್ನೂ ಇದೆ. ರದ್ದಾಯಿತು ಅಂತ ಯಾರೂ ಹೇಳಿಲ್ಲ. ಆದರೆ ಪರೀಕ್ಷೆ ಇದ್ದ ದಿನ ಒಂಬತ್ತೂವರೆಗೆ ನನ್ನ ತಮ್ಮ ಒಗೆದ ಅಂಗಿ ಹಾಕಿಕೊಂಡು ಹೊರಡುತ್ತಾನೆ. ಈಗ ಅವನು ನೌಕರನಲ್ಲ, ಊರಿನವನು. ಬೆಂಚಿನಲ್ಲಿ ಬಾಗಿಲ ಕಡೆಯ ತುದಿ ಅವನದು. ಕೂತು ಬಲಗಾಲು ನೀಡುತ್ತಾನೆ, ಪಾದ ಸರಿಯಾಗಿ ಹೊಸಲಿನ ಮೇಲೆ ಬರುತ್ತದೆ. ಹೋದ ತಿಂಗಳು ಹೊಸ ಜವಾನ ಬಾಗಿಲ ಹಿಡಿ ಹಿಡಿದುಕೊಂಡು ಬಂದು, "ಮೇಷ್ಟ್ರೇ, ಸ್ವಲ್ಪ ಕಾಲು ತೆಗೀರಿ, ಬಾಗಿಲು ಹಾಕಬೇಕು," ಅಂದ.

"ನೀನೇ ಅಳೆದು ನೋಡಪ್ಪ," ಅಂದ ನನ್ನ ತಮ್ಮ, ಜೇಬಿನಿಂದ ಟೇಪು ತೆಗೆದು ಅವನ ಕೈಗೆ ಕೊಟ್ಟು. "ಬೇರೆಲ್ಲಾದ್ರೂ ಜಾಗ ಸಿಕ್ರೆ ತೆಗೀತೀನಿ."

ಜವಾನ ಬೆಂಚಿನಲ್ಲಿ ಕೂತವರನ್ನೆಲ್ಲ ಒಂದು ಸಲ ನೋಡಿದ. ಟೇಪು ವಾಪಸ್ಸು ಕೊಟ್ಟು, ನನ್ನ ಪಕ್ಕ ಒಂದು ಗೇಣು ಜಾಗ ಇತ್ತು, ಅಲ್ಲೇ ಕೂತ.